ಸೆಕೆಂಡ್ ಶೋ ಬಿಟ್ಟ ಮೇಲೆ

ಕೇಳುಗರಿಗೆ ನಮಸ್ಕಾರ.

1986ರ ಜೂನ್. ಪಿಯುಸಿ ಸೇರಲು ನಾನು ಒಬ್ಬನೇ ಬೆಂಗಳೂರಿಗೆ ಹೊರಟಿದ್ದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಸಂಜೆ ಏಳಕ್ಕೆ ಇಳಿಯಬೇಕಾದವನು ಮೆಜೆಸ್ಟಿಕ್‌ನಲ್ಲಿ ಇಳಿದಾಗ ಹನ್ನೆರಡಕ್ಕೆ ಐದು ಹತ್ತು ನಿಮಿಷ ಇತ್ತು. ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗು. ಜೇಬಿನಲ್ಲಿ ಚಿಕ್ಕಪ್ಪನ ಮನೆ ವಿಳಾಸ ಬರೆದ ಚೀಟಿ. ಆ ಹೊತ್ತಿಗೆ ಸಿಟಿ ಬಸ್ಸಿಲ್ಲ. ಆಟೋದವರು ಕೇಳಿದ ದುಡ್ಡು ನನ್ನ ಹತ್ತಿರ ಇರಲಿಲ್ಲ. ತುಂತುರು ಮಳೆ ಬೇರೆ. ಹದಿನಾರು ವರ್ಷದ ಹುಡುಗ, ಎದೆ ಡವಡವ ಅನ್ನುತ್ತಿತ್ತು.

ಬೆಳಕಿದ್ದ ಕಡೆ ನಡೆದೆ. ಕಪಾಲಿ ಥಿಯೇಟರ್ ಹತ್ತಿರ ಬಂದೆ. ಅಷ್ಟರಲ್ಲಿ ಸೆಕೆಂಡ್ ಶೋ ಬಿಟ್ಟಿತು.

ಕಬ್ಬಿಣದ ಗೇಟು ಕಿರ್ರೆಂದು ತೆರೆದು ನೂರಾರು ಜನ ಒಟ್ಟಿಗೆ ರಸ್ತೆಗೆ ಬಂದರು. ಹೆಗಲ ಮೇಲೆ ನಿದ್ದೆ ಹೋದ ಮಗು, ಸೀರೆ ಸೆರಗು ತಲೆ ಮೇಲೆ ಹೊದ್ದ ಹೆಂಗಸರು, ಹಾಡು ಗುನುಗುವ ಹುಡುಗರು. ರಸ್ತೆ ಬದಿಯಲ್ಲಿ ಕಡಲೆಕಾಯಿ ಗಾಡಿ. ಗ್ಯಾಸ್‌ಲೈಟ್ ಬುಸ್ ಅಂತ ಉರಿಯುತ್ತಿತ್ತು. ಬಿಸಿ ಮರಳಲ್ಲಿ ಹುರಿದ ಕಾಯನ್ನು ಜರಡಿ ಹಿಡಿದು, ಪಾವಿನಲ್ಲಿ ಅಳೆದು, ಹಳೇ ಪೇಪರಿನ ಪೊಟ್ಟಣಕ್ಕೆ ಸುರಿಯುತ್ತಿದ್ದರು ಗಾಡಿಯವರು. ಪೊಟ್ಟಣ ಕಟ್ಟಿದ ಮೇಲೂ ಮೇಲೆ ನಾಲ್ಕು ಕಾಯಿ ಹಾಕುವ ಕೈ ಅದು. ನನ್ನ ಮುಖ ನೋಡಿ, 'ಊರಿಂದ ಬಂದ್ಯೇನಪ್ಪ? ಎಲ್ಲೂ ಹೋಗ್ಬೇಡ. ಬೆಳಗಿನ ಜಾವ ಬಸ್ಸು ಬಿಡ್ತಾರೆ. ಇಲ್ಲೇ ಕೂತ್ಕೋ' ಅಂದರು. ಥಿಯೇಟರ್ ಕಾವಲುಗಾರರು ಮಳೆ ಬೀಳದ ಒಂದು ಮೂಲೆ ತೋರಿಸಿದರು. ಅಲ್ಲೇ ಬ್ಯಾಗನ್ನು ತಬ್ಬಿಕೊಂಡು ಕೂತೆ. ಎದುರಿಗೆ ಟೀ ಅಂಗಡಿ ತೆರೆದಿತ್ತು. ಜನ ಓಡಾಡುತ್ತಿದ್ದರು. ಭಯ ಹೋಯಿತು.

ಆ ಮೂಲೆ ಈಗಿಲ್ಲ. 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. ಆ ಜಾಗದಲ್ಲಿ ಹೊಸ ಕಟ್ಟಡ ಎದ್ದಿದೆ.

ನಗರದ ನಡುಭಾಗವನ್ನು ಹೊಸದಾಗಿ ಕಟ್ಟುವಾಗ ಅದರ ರಾತ್ರಿಯನ್ನು ಏನು ಮಾಡುತ್ತೇವೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದನ್ನೇ. ನೈಟ್‌ಲೈಫ್ ಅಂದ ತಕ್ಷಣ ನಮಗೆ ಪಬ್ಬು, ಕುಡಿತ, ಜೋರು ಸಂಗೀತ ನೆನಪಾಗುತ್ತದೆ. ಅದೂ ಒಂದು ಭಾಗ, ಇರಲಿ. ಆದರೆ ಈ ಊರಿಗೆ ಅದಕ್ಕಿಂತ ಹಳೆಯ ರಾತ್ರಿ ಇದೆ. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟರೆ ಪೇಟೆಯ ಒಂದು ಬೀದಿಯೂ ಮಲಗುವುದಿಲ್ಲ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಕರಗ ಗುಡಿ ಸೇರುತ್ತದೆ. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೀದಿಗೆ ದೀಪ ಬಂದ ಮೇಲೆ ರಾತ್ರಿ ಇನ್ನಷ್ಟು ಉದ್ದವಾಯಿತು. ಗಾಂಧಿನಗರದ ಗುಬ್ಬಿ ಥಿಯೇಟರ್‌ನಲ್ಲಿ ಕಂಪನಿ ನಾಟಕ ನಡೆಯುತ್ತಿತ್ತು. ಆಮೇಲೆ ಬಂತು ಸಿನಿಮಾ.

ಮೆಜೆಸ್ಟಿಕ್ ಅನ್ನುವ ಹೆಸರೇ ಒಂದು ಥಿಯೇಟರಿನದು, ಅಲ್ವಾ? ಆ ಥಿಯೇಟರ್ ಇಲ್ಲ, ಹೆಸರು ಮಾತ್ರ ಉಳಿದಿದೆ. ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕೆರೆಯೂ ಇಲ್ಲ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು. ಸಾಗರ್, ಹಿಮಾಲಯ, ಗೀತಾ, ಸ್ಟೇಟ್ಸ್, ತ್ರಿಭುವನ್, ಕೈಲಾಶ್. ಈ ಹೆಸರು ಹೇಳುವಾಗ ನನ್ನ ವಯಸ್ಸಿನವರಿಗೆ ಒಂದೊಂದಕ್ಕೂ ಒಂದೊಂದು ಕಟೌಟು ಕಣ್ಣಮುಂದೆ ಬರುತ್ತದೆ. ಹೊಸ ಚಿತ್ರದ ಹಿಂದಿನ ರಾತ್ರಿ ಅಣ್ಣಾವ್ರ ಕಟೌಟಿಗೆ ಹಾರ ಏರಿಸಲು ಹುಡುಗರು ಬೊಂಬಿನ ಮೇಲೆ ಹತ್ತುತ್ತಿದ್ದರು. ಕೆಳಗೆ ನಿಂತು ನೋಡುವುದೇ ನಮಗೊಂದು ಹಬ್ಬ. ಸಂತೋಷ್, ಅನುಪಮದಂಥ ಕೆಲವು ಥಿಯೇಟರುಗಳು ಇನ್ನೂ ಉಳಿದಿವೆ.

ಮಾಲೀಕರನ್ನು ನಾನು ದೂರುವುದಿಲ್ಲ. ಸಾವಿರ ಸೀಟಿನ ಥಿಯೇಟರಿನಲ್ಲಿ ನೂರು ಜನ ಕೂತರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಅದೇ ಜಾಗಕ್ಕೆ ಕೋಟಿಗಟ್ಟಲೆ ಬೆಲೆ. ಯಾರು ಎಷ್ಟು ದಿನ ತಡೆದಾರು? ಎಲ್ಲ ಹಳೇ ಗೋಡೆಯನ್ನೂ ಹಾಗೇ ಉಳಿಸಿ ಅಂತ ಕೇಳುವುದು ನ್ಯಾಯವಲ್ಲ.

ನನ್ನ ತಕರಾರು ಅದರ ಬದಲು ಕಟ್ಟುವುದರ ಬಗ್ಗೆ. ಹಳೇ ಥಿಯೇಟರಿನ ಮುಖ ಬೀದಿಗಿತ್ತು. ಟಿಕೆಟ್ ಕೌಂಟರ್ ಬೀದಿಗೆ, ಪೋಸ್ಟರ್ ಬೀದಿಗೆ, ಅದರ ಅಕ್ಕಪಕ್ಕ ಬೀಡಾ ಅಂಗಡಿ, ದೋಸೆ ಕ್ಯಾಂಟೀನು, ಸೈಕಲ್ ಸ್ಟ್ಯಾಂಡು. ಹೊಸ ಕಟ್ಟಡ ಬೀದಿಗೆ ಬೆನ್ನು ಹಾಕಿ ಕೂರುತ್ತದೆ. ಮುಂದೆ ಗಾಜಿನ ಗೋಡೆ, ಒಂದು ಕಡೆ ಕಾರು ಇಳಿಯುವ ಇಳಿಜಾರು. ಅಂಗಡಿ, ತಿಂಡಿ, ಸಿನಿಮಾ ಎಲ್ಲ ಒಳಗೆ. ನೋಡುವವರು ನೆಲಮಾಳಿಗೆಯಿಂದ ನೇರ ಕಾರಲ್ಲಿ ಹೊರಟುಹೋಗುತ್ತಾರೆ. ಹತ್ತು ಗಂಟೆಗೆ ಶಟರ್ ಇಳಿದರೆ ನೂರು ಅಡಿ ಫುಟ್‌ಪಾತ್ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಒಬ್ಬ ಹುಡುಗಿ ಬಸ್ಸಿಳಿದು ನಡೆಯಬೇಕು. ಬೆಳಕಿಗೆ ಕಂಬ ನೆಡಬಹುದು, ನೆಡುತ್ತಾರೆ. ಆದರೆ ಸುಮ್ನೆ ಉರಿಯುವ ದೀಪಕ್ಕೂ, ಕೆಳಗೆ ಟೀ ಕಾಸುವವರು ನಿಂತಿರುವ ದೀಪಕ್ಕೂ ಎಷ್ಟು ವ್ಯತ್ಯಾಸ ಅಂತ ಮಧ್ಯರಾತ್ರಿ ನಡೆದವರಿಗೆ ಗೊತ್ತು.

ಇನ್ನೊಂದು ವಿಷಯ. ನಡುಭಾಗದಲ್ಲಿ ಜಾಗ ಸಿಗದ ರಾತ್ರಿ ಎಲ್ಲಿಗೆ ಹೋಗುತ್ತದೆ? ಮನೆಗಳ ನಡುವೆ ಹೋಗುತ್ತದೆ. ಇಂದಿರಾನಗರದಲ್ಲಿ, ಕೋರಮಂಗಲದಲ್ಲಿ ಆದದ್ದು ಇದೇ ಅಂತ ನನಗನಿಸುತ್ತದೆ. ನಿವೃತ್ತರು ಕಟ್ಟಿಸಿಕೊಂಡ ಮನೆ, ಪಕ್ಕದ ಮನೆಯ ಮಾಳಿಗೆ ಮೇಲೆ ಪಬ್ಬು. ಶಬ್ದದ ನಿಯಮ ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮನೆಗಳಿರುವ ಕಡೆ 45 ಡೆಸಿಬಲ್ ದಾಟಬಾರದು ಅನ್ನುತ್ತದೆ ಅದು. ಆ ಬೀದಿಗಳಲ್ಲಿ ಇದು ಪಾಲನೆ ಆಗುತ್ತಿದೆಯಾ ಅಂತ ಅಲ್ಲಿನ ಅಜ್ಜ ಅಜ್ಜಿಯರನ್ನು ಕೇಳಬೇಕು. ಅವರ ಸಿಟ್ಟು ನೂರಕ್ಕೆ ನೂರು ಸರಿ. ಮೆಜೆಸ್ಟಿಕ್ ನೋಡಿ. ಸುತ್ತ ಲಾಡ್ಜು, ಆಫೀಸು, ಅಂಗಡಿ. ಮನೆಗಳು ಕಡಿಮೆ. ಎದುರಿಗೇ ರೈಲು, ಬಸ್ಸು, ಮೆಟ್ರೋ. ರಾತ್ರಿಗೆ ಇದಕ್ಕಿಂತ ಒಳ್ಳೇ ಜಾಗ ಊರಲ್ಲಿ ಬೇರೆ ಎಲ್ಲಿದೆ?

ಬೇರೆ ಊರುಗಳೂ ಇದೇ ಸಂಕಟ ಪಟ್ಟಿವೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ದ ಟೋಟ್ ಅನ್ನುವ ಹಳೇ ಸಂಗೀತದ ಜಾಗ 2010ರ ಜನವರಿಯಲ್ಲಿ ಮುಚ್ಚಿತು. ಲೈಸೆನ್ಸ್ ಷರತ್ತುಗಳ ಖರ್ಚು ಅದಕ್ಕೆ ಹೊರಲಾಗಲಿಲ್ಲ. ಮುಂದಿನ ತಿಂಗಳು ಸಾವಿರಾರು ಜನ ಬೀದಿಗಿಳಿದರು. ಮುಚ್ಚಿದ ಜಾಗ ಮತ್ತೆ ತೆರೆಯಿತು. 2014ರಲ್ಲಿ ಆ ರಾಜ್ಯ ತನ್ನ ಯೋಜನಾ ನಿಯಮಕ್ಕೇ ಒಂದು ಮಾತು ಸೇರಿಸಿತು. ಇಂಗ್ಲೆಂಡ್ 2018ರಲ್ಲಿ ಅದೇ ದಾರಿ ಹಿಡಿಯಿತು. ಮಾತು ತುಂಬ ಸರಳ. ಮೊದಲಿಂದ ಇರುವುದರ ಪಕ್ಕ ಯಾರು ಹೊಸದಾಗಿ ಬರುತ್ತಾರೋ, ಶಬ್ದ ತಡೆಯುವ ಜವಾಬ್ದಾರಿ ಅವರದೇ. ಸಂಗೀತದ ಮನೆ ಪಕ್ಕ ಅಪಾರ್ಟ್‌ಮೆಂಟ್ ಕಟ್ಟಿದರೆ ಬಿಲ್ಡರ್ ದಪ್ಪ ಗಾಜು ಹಾಕಿಸಬೇಕು. ಹಳೇ ಮನೆಗಳ ನಡುವೆ ಪಬ್ ತೆರೆದರೆ ಪಬ್ಬಿನವರು ಗೋಡೆ ಗಟ್ಟಿ ಮಾಡಿಸಬೇಕು. ನಮ್ಮ ಹಳ್ಳಿ ಪಂಚಾಯ್ತಿಯಲ್ಲಿ ಕೂತ ಹಿರಿಯರೂ ಇದನ್ನೇ ಹೇಳುತ್ತಿದ್ದರು. ಗಾಂಧಿನಗರದ ಆಸುಪಾಸು ಇನ್ನು ಅಪಾರ್ಟ್‌ಮೆಂಟು, ದೊಡ್ಡ ಹೋಟೆಲು ಏಳುವ ದಿನ ದೂರವಿಲ್ಲ. ಅವು ಏಳುವ ಮುಂಚೆಯೇ ಈ ನಿಯಮ ನಮ್ಮಲ್ಲಿ ಬರಬೇಕು. ಎದ್ದ ಮೇಲೆ ಬಂದರೆ ಮೊದಲು ಎತ್ತಂಗಡಿ ಆಗುವುದು ಗಾಡಿಗಳೇ.

ಗಾಡಿ ಅಂದೆ. 2021ರ ಜನವರಿಯಲ್ಲಿ ನಮ್ಮ ಸರ್ಕಾರ ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಅಂಗಡಿಗಳಿಗೆ ದಿನದ 24 ಗಂಟೆ ತೆರೆದಿರಲು ಅನುಮತಿ ಕೊಟ್ಟಿತು. ಒಳ್ಳೇದೇ. ಆದರೆ ಕಡಲೆಕಾಯಿ ಗಾಡಿಯಲ್ಲಿ ಹತ್ತು ಜನ ಎಲ್ಲಿರುತ್ತಾರೆ? ಗಂಡ, ಹೆಂಡತಿ, ಜಾಸ್ತಿ ಅಂದರೆ ಒಬ್ಬ ಮಗ. ರಾತ್ರಿಯನ್ನು ಇಷ್ಟು ವರ್ಷ ಕಾದವರು ಇವರು. ಇವರಿಗೆ ಆಸರೆ ಆಗುವ ಕಾನೂನು ಬೇರೆ ಇದೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಒಂದು ಮಾತಿದೆ. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಬಾರದು. ಕೆ.ಜಿ. ರಸ್ತೆಯ ಸುತ್ತ ಅಪ್ಪ ಮಾರಿದ ಜಾಗದಲ್ಲಿ ಮಗ ಮಾರುತ್ತಿರುವ ಗಾಡಿಗಳನ್ನು ನಾನೇ ನೋಡಿದ್ದೇನೆ. ಯಾವ ಬೀದಿಯಲ್ಲಿ ಎಷ್ಟು ವರ್ಷದಿಂದ ವ್ಯಾಪಾರ ನಡೆದಿದೆ ಅಂತ ಲೆಕ್ಕ ಹಾಕಿ ಬರೆದಿಡುವ ಕೆಲಸ ಮೊದಲು ಆಗಬೇಕು. ರಾತ್ರಿ ಹೊತ್ತು ಹೋಗಿ ಬರೆಯಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸಮೀಕ್ಷೆಗೆ ಹೋದರೆ ರಾತ್ರಿ ಗಾಡಿ ಲೆಕ್ಕಕ್ಕೆ ಸಿಗುವುದಿಲ್ಲ.

ಕಟ್ಟಡಕ್ಕೆ ಅನುಮತಿ ಕೊಡುವಾಗ ಎರಡು ಷರತ್ತು ಹಾಕಿದರೆ ಸಾಕು ಅಂತ ನನ್ನ ಆಸೆ. ನೆಲಮಟ್ಟದಲ್ಲಿ ಬೀದಿಗೆ ಬಾಗಿಲಿರುವ ಸಣ್ಣ ಅಂಗಡಿಗಳು ಇರಲಿ, ಹತ್ತಡಿಯವೇ ಆಗಲಿ. ಥಿಯೇಟರ್ ಇದ್ದ ಜಾಗದಲ್ಲಿ ಆಟಕ್ಕೋ ಹಾಡಿಗೋ ನಾಟಕಕ್ಕೋ ಒಂದು ಸಭಾಂಗಣ ಉಳಿಯಲಿ, ಅದಕ್ಕೆ ಬೀದಿಯಿಂದಲೇ ದಾರಿ ಇರಲಿ. ಇನ್ನು ಬಸ್ಸು. ಮೆಟ್ರೋ ಮಧ್ಯರಾತ್ರಿಗೆ ಮುಂಚೆಯೇ ನಿಲ್ಲುತ್ತದೆ. ಆಟ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿ ಇಲ್ಲದಿದ್ದರೆ ಕಾರಿದ್ದವರು ಮಾತ್ರ ಬರುತ್ತಾರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗ, ಟಿಕೆಟ್ ಹರಿಯುವ ಅಕ್ಕ, ಇವರೂ ಮನೆಗೆ ಹೋಗಬೇಕಲ್ಲ.

ಕಳೆದ ವಾರ ಬೇಕೆಂದೇ ರಾತ್ರಿ ಆ ಕಡೆ ಹೋಗಿದ್ದೆ. ಮೆಟ್ರೋ ನಿಲ್ದಾಣದ ಬಾಗಿಲ ಹತ್ತಿರ ಒಂದು ಕಡಲೆಕಾಯಿ ಗಾಡಿ ನಿಂತಿತ್ತು. ಗ್ಯಾಸ್‌ಲೈಟ್ ಹೋಗಿ ಬ್ಯಾಟರಿಯ ಎಲ್‌ಇಡಿ ದೀಪ ಬಂದಿದೆ. ಪಾವು ಅದೇ. ಪೊಟ್ಟಣದ ಮೇಲೆ ನಾಲ್ಕು ಕಾಯಿ ಹಾಕುವ ಕೈಯೂ ಅದೇ ಥರ. ಮಾತಾಡುತ್ತಲೇ ಅವರು ಒಲೆ ಆರಿಸಿ ಟಾರ್ಪಾಲು ಎಳೆಯತೊಡಗಿದರು. ಇನ್ನೂ ಹನ್ನೆರಡಾಗಿಲ್ಲ, ಇಷ್ಟು ಬೇಗ ಯಾಕೆ ಅಂತ ಕೇಳಿದೆ. 'ಮುಂಚೆ ಸೆಕೆಂಡ್ ಶೋ ಬಿಡೋವರೆಗೂ ಇರ್ತಿದ್ವಿ ಸಾರ್' ಅಂದರು. 'ಈಗ ಲಾಸ್ಟ್ ಟ್ರೈನ್ ಹೋದ್ಮೇಲೆ ಇಲ್ಲಿ ಯಾರಿರ್ತಾರೆ?'