ಸಭೆಗೆ ಕರೆದರೆ ಸಾಲದು

ನಮಸ್ಕಾರ. ಶಿರಸಿಯಲ್ಲಿ ವನಮಹೋತ್ಸವ ನಡೆಯಲಿ, ಕಾರವಾರದಲ್ಲಿ ಕಡಲತೀರದ ಸ್ವಚ್ಛತಾ ಅಭಿಯಾನ ನಡೆಯಲಿ, ಜನರ ಸಹಕಾರವಿಲ್ಲದೆ ಪರಿಸರ ಉಳಿಯದು ಎಂಬ ಮಾತು ವೇದಿಕೆಯಿಂದ ತಪ್ಪದೆ ಬರುತ್ತದೆ. ಮಾತೇನೋ ಸರಿಯೇ. ಆದರೆ ಹೀಗೆ ಹೇಳುವವರು ಜನರಿಂದ ಬಯಸುವುದು ಗುಂಡಿ ತೋಡುವ ಕೈಗಳನ್ನು, ಹಾಜರಿ ಪುಸ್ತಕಕ್ಕೆ ಒಂದಷ್ಟು ಸಹಿಗಳನ್ನು, ಹೆಚ್ಚೆಂದರೆ ಪತ್ರಿಕೆಗೆ ಒಂದು ಫೋಟೋವನ್ನು. ಯಾವ ಗಿಡ ನೆಡಬೇಕು, ಯಾವ ಬೆಟ್ಟಕ್ಕೆ ಎಷ್ಟು ವರ್ಷ ಯಾರೂ ಕತ್ತಿ ಹಿಡಿದು ಹೋಗಬಾರದು, ಹೋದವನಿಗೆ ದಂಡ ಹಾಕುವವರು ಯಾರು ಎಂಬುದನ್ನು ಊರು ತೀರ್ಮಾನಿಸುವುದಿಲ್ಲ. ಈ ಅಧಿಕಾರ ಊರಿನ ಕೈಗೆ ಬಾರದೆ ಊರಿನವರಿಂದ ಸಂರಕ್ಷಣೆಯನ್ನು ನಿರೀಕ್ಷಿಸಬಾರದು ಎಂಬುದು ನನ್ನ ವಾದ, ಮತ್ತು ಅದಕ್ಕೆ ಸಾಕ್ಷಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ.

ಕುಮಟಾ ತಾಲೂಕಿನ ಹಳಕಾರವನ್ನು ನೋಡಿ. ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ, ಕಾಡಿನ ಮೇಲಿನ ಜನರ ಹಕ್ಕುಗಳ ಬಗ್ಗೆ ಕಾಲಿನ್ಸ್ ಎಂಬ ಅಧಿಕಾರಿ ಸಲ್ಲಿಸಿದ ವರದಿಯ ಬೆನ್ನಿಗೆ ಈ ಭಾಗದ ಹಳಕಾರ, ಚಿತ್ರಗಿ, ಕಲ್ಲಬ್ಬೆಗಳಲ್ಲಿ ಗ್ರಾಮ ಅರಣ್ಯ ಪಂಚಾಯತಗಳು ಹುಟ್ಟಿಕೊಂಡವು. ಹಳಕಾರದವರು ತಾವೇ ಕಾವಲುಗಾರನನ್ನು ಇಟ್ಟು ತಾವೇ ಸಂಬಳ ಕೊಟ್ಟರು. ಸೊಪ್ಪು, ಒಣಎಲೆಯ ದರಕು, ಕಟ್ಟಿಗೆ ಒಯ್ಯುವುದಕ್ಕೆ ನಿಯಮ ಮಾಡಿದರು. ಮೀರಿದವರಿಂದ ದಂಡ ವಸೂಲು ಮಾಡಿದರು. ದಂಡ ಹಾಕಿದವನೂ ದಂಡ ತೆತ್ತವನೂ ಮರುದಿನ ಅದೇ ಅಂಗಡಿಯ ಮುಂದೆ ಎದುರಾಗಬೇಕಾದ ಊರಿನಲ್ಲಿ ಇದು ಸುಲಭದ ಕೆಲಸವಲ್ಲ. 1979ರಲ್ಲಿ ರಾಜ್ಯ ಸರ್ಕಾರ ಈ ಪಂಚಾಯತಗಳನ್ನು ರದ್ದುಮಾಡಲು ಹೊರಟಾಗ ಹಳಕಾರದವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದು ತಮ್ಮ ಕಾಡನ್ನು ಉಳಿಸಿಕೊಂಡರು. ಪಂಚಾಯತ ಹೋದ ಚಿತ್ರಗಿಯಲ್ಲಿ ಕಾಡು ಬಹುಬೇಗ ಬೋಳಾಯಿತು. ಎರಡೂ ಒಂದೇ ತಾಲೂಕಿನ ಊರುಗಳು, ಮಳೆಯೂ ಮಣ್ಣೂ ಒಂದೇ, ಜನರ ಅಗತ್ಯಗಳೂ ಒಂದೇ ಬಗೆಯವು. ಚಿತ್ರಗಿಯ ಜನರಿಗೆ ಒಂದೇ ರಾತ್ರಿಯಲ್ಲಿ ಪರಿಸರ ಪ್ರಜ್ಞೆ ಕಡಿಮೆಯಾಯಿತೆಂದು ನಂಬುವುದು ನನ್ನಿಂದ ಸಾಧ್ಯವಿಲ್ಲ. ನಾಳೆ ಈ ಮರ ತನ್ನದಾಗಿ ಉಳಿಯುವ ಭರವಸೆ ಇಲ್ಲದವನು ಇವತ್ತೇ ಅದನ್ನು ಕಡಿಯುತ್ತಾನೆ, ಅಷ್ಟೇ.

ಕಾಡಿನ ಈ ಕಥೆಯೇ ನೀರಿನ ಬದಿಯಲ್ಲೂ ನಡೆದಿದೆ. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ, ಗೊಬ್ಬರವನ್ನೂ ಕೇಳುವುದಿಲ್ಲ, ಏಕೆಂದರೆ ನದಿ ತರುವ ಮೆಕ್ಕಲು ಅದಕ್ಕೆ ಸಾಕು. ಆದರೆ ಈ ಬೇಸಾಯವನ್ನು ಒಬ್ಬನೇ ಮಾಡಲಾಗದು. ಜಮೀನು ಬೇರೆಬೇರೆಯವರ ಹೆಸರಿನಲ್ಲಿದ್ದರೂ ಸಮುದ್ರದ ಉಬ್ಬರವನ್ನು ತಡೆಯುವ ಒಡ್ಡು ಒಂದೇ, ಮತ್ತು ನೀರು ಒಳಬಿಡುವ, ಹೊರಬಿಡುವ ತೂಬಾದ ಜಂತ್ರಡಿಯ ಹಲಗೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ನಿರ್ಧಾರಕ್ಕೆ ಎಲ್ಲರ ಗದ್ದೆಯೂ ಬದ್ಧವಾಗಿರುತ್ತದೆ. ಹಿಂದೆ ಊರಿನವರೇ ಮಣ್ಣು ಕಲ್ಲು ಹೊತ್ತು ವರ್ಷವರ್ಷವೂ ಒಡ್ಡು ರಿಪೇರಿ ಮಾಡುತ್ತಿದ್ದರು. ಉಪ್ಪುನೀರಿನಿಂದ ಗದ್ದೆಗಳನ್ನು ಕಾಯುವ ಖಾರ್ಲ್ಯಾಂಡ್ ಯೋಜನೆಯಡಿ ಸರ್ಕಾರ ಶಾಶ್ವತ ಒಡ್ಡು ಕಟ್ಟಿಕೊಟ್ಟಿತು. ಅದು ಒಳ್ಳೆಯ ಉದ್ದೇಶದಿಂದಲೇ ಮಾಡಿದ ಕೆಲಸ, ಕಲ್ಲಿನ ಒಡ್ಡು ಮಣ್ಣಿನದಕ್ಕಿಂತ ಗಟ್ಟಿ ಎಂಬುದರಲ್ಲಿ ಸಂಶಯವೂ ಇಲ್ಲ. ಆದರೆ ಒಡ್ಡು ಸರ್ಕಾರದ್ದಾದ ಮೇಲೆ ಅದು ಒಡೆದಾಗ ಊರು ಗುದ್ದಲಿ ಎತ್ತುವ ಬದಲು ಅರ್ಜಿ ಬರೆಯತೊಡಗಿತು. ಅರ್ಜಿ ಕಡತದಲ್ಲಿ ಸಾಗುವಷ್ಟರಲ್ಲಿ ಉಪ್ಪುನೀರು ಗದ್ದೆಯಲ್ಲಿ ಹಲವು ಉಬ್ಬರಗಳನ್ನು ಮುಗಿಸಿರುತ್ತದೆ. ಆಮೇಲೆ ಸಿಗಡಿ ಸಾಕಣೆ ಬಂತು, ಗಜನಿಗಳು ಗುತ್ತಿಗೆಗೆ ಹೋದವು, ಭತ್ತ ಬೆಳೆಯುವುದಕ್ಕಿಂತ ನೀರು ಒಳಬಿಡುವುದೇ ಲಾಭವಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಗಜನಿಯನ್ನು ಸಿಗಡಿ ಗುತ್ತಿಗೆಗೆ ಕೊಟ್ಟವರೂ ನಮ್ಮವರೇ. ಸಮುದಾಯ ಎಂದೊಡನೆ ಎಲ್ಲರೂ ಒಂದೇ ಮನಸ್ಸಿನವರು, ಎಲ್ಲರೂ ಪ್ರಕೃತಿಯ ಮಕ್ಕಳು ಎಂಬ ಚಿತ್ರವನ್ನು ಕಟ್ಟಿಕೊಡುವ ಪರಿಸರವಾದಿಗಳ ಬಗ್ಗೆ ನನಗೆ ತಕರಾರಿದೆ. ಘಟ್ಟದ ಮೇಲೆ ತೋಟದ ಗೊಬ್ಬರಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ ಎಂಬ ಕಾಡುಗಳನ್ನೇ ತೆಗೆದುಕೊಳ್ಳಿ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಸರದಿಯ ಮೇಲೆ ಸೊಪ್ಪು ಸವರಿ ಮರಕ್ಕೆ ಚಿಗುರಲು ಬಿಡುವು ಕೊಟ್ಟವರ ಬೆಟ್ಟ ಇಂದಿಗೂ ಹಸಿರಾಗಿದೆ. ಹಾಗೆ ಮಾಡದವರ ಬೆಟ್ಟದಲ್ಲಿ ಹುಲ್ಲು ಮತ್ತು ಮೋಟು ಉಳಿದಿವೆ. ತೋಟವೇ ಇಲ್ಲದ ಕೂಲಿಯವನಿಗೆ ಬೆಟ್ಟದ ಹಕ್ಕೂ ಇಲ್ಲ, ಅವನ ಮನೆಯ ಒಲೆಗೆ ಮಾತ್ರ ಕಟ್ಟಿಗೆ ಬೇಕು. ಅವನನ್ನು ಹೊರಗಿಟ್ಟು ತೋಟಿಗರಷ್ಟೇ ಕೂತು ಮಾಡುವ ತೀರ್ಮಾನವನ್ನು ಊರಿನ ತೀರ್ಮಾನ ಎಂದು ಕರೆಯಲು ನಾನು ಸಿದ್ಧನಿಲ್ಲ. ಅಧಿಕಾರ ಊರಿಗೆ ಬರಬೇಕು ಎನ್ನುವಾಗ ಊರಿನೊಳಗೆ ಅದು ಯಾರ ಕೈಸೇರುತ್ತದೆ ಎಂದೂ ಕೇಳಬೇಕಾಗುತ್ತದೆ.

ಗ್ರಾಮ ಅರಣ್ಯ ಸಮಿತಿಗಳು ಈ ಪ್ರಶ್ನೆಗೆ ಉತ್ತರವಾಗಬಹುದಿತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನ ಉತ್ಪನ್ನಗಳ ಮೇಲೆ ಕಾಡಂಚಿನ ಜನರ ಮನೆಬಳಕೆಯ ಅಗತ್ಯಗಳಿಗೆ ಮೊದಲ ಹಕ್ಕು ಕೊಟ್ಟಿತು, 1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು, ಬ್ರಿಟನ್ನಿನ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ನಮ್ಮ ಜಿಲ್ಲೆಯಲ್ಲಿಯೇ ಆರಂಭವಾದ್ದರಿಂದ ಇಲ್ಲಿ ಸಮಿತಿಗಳು ಸಾಲುಸಾಲಾಗಿ ಹುಟ್ಟಿದವು. ಅಧ್ಯಕ್ಷರು ಊರಿನವರು, ಸದಸ್ಯ ಕಾರ್ಯದರ್ಶಿ ಇಲಾಖೆಯ ಅಧಿಕಾರಿ, ಬ್ಯಾಂಕ್ ಖಾತೆ ಜಂಟಿ. ಕೆಲವು ಕಡೆ ಒಳ್ಳೆಯ ಅಧಿಕಾರಿ ಸಿಕ್ಕಿದಾಗ ಒಳ್ಳೆಯ ಕೆಲಸವೂ ನಡೆಯಿತು. ಆದರೆ ಅಧಿಕಾರಿಯ ವರ್ಗಾವಣೆಯೊಂದಿಗೆ ಸಮಿತಿಯ ಜೀವವೂ ಹೋಗುವುದಾದರೆ ಅದು ಊರಿನ ಸಂಸ್ಥೆ ಹೇಗಾದೀತು? ಯೋಜನೆಯ ಹಣ ಇರುವಷ್ಟು ಕಾಲ ಸಭೆ ಸೇರಿ, ಹಣ ಮುಗಿದೊಡನೆ ಮೌನವಾದ ಸಮಿತಿಗಳನ್ನು ಕಂಡವರು ಈ ಕಾರ್ಯಕ್ರಮ ಕೇಳುತ್ತಿರುವವರಲ್ಲೂ ಇರಬಹುದು. ನೆಟ್ಟದ್ದರಲ್ಲಿ ಬಹುಪಾಲು ಅಕೇಶಿಯಾ. ದನ ಅದರ ಸೊಪ್ಪಿಗೆ ಬಾಯಿ ಹಾಕುವುದಿಲ್ಲ, ತೋಟದವರಿಗೂ ಅದು ಒಗ್ಗಿದ ಗೊಬ್ಬರವಲ್ಲ. ಊರನ್ನು ನಿಜವಾಗಿ ಕೇಳಿದ್ದರೆ ನೇರಳೆ, ಮುರುಗಲು, ಉಪ್ಪಾಗೆ, ಮತ್ತಿ ಎಂಬ ಹೆಸರುಗಳು ಬರುತ್ತಿದ್ದವು.

ಜನರನ್ನು ಯಾರೂ ಕೇಳದಿದ್ದಾಗ ಜನರೇ ಮಾತಾಡಿದ ದಿನವೂ ಈ ನೆಲಕ್ಕೆ ನೆನಪಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಕಡೆಯ ಯುವಕರೂ ಮಹಿಳೆಯರೂ ಕಳಸೆ ಕಾಡಿಗೆ ನಡೆದು ಹೋಗಿ, ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ಘೋಷಣೆ ಉಳಿಸು, ಬೆಳೆಸು, ಬಳಸು ಎಂಬುದಾಗಿತ್ತು. ಮೂರನೆಯದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ಬಳಸುವವನೇ ಕಾಯುತ್ತಾನೆ ಎಂಬ ತಿಳಿವಳಿಕೆ ಆ ಘೋಷಣೆಯಲ್ಲಿದೆ.

ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಯುವ, ಪುನಶ್ಚೇತನಗೊಳಿಸುವ ಮತ್ತು ನಿರ್ವಹಿಸುವ ಹಕ್ಕು ಇದೆ, ಅದನ್ನು ಚಲಾಯಿಸುವುದು ಗ್ರಾಮಸಭೆ. ನಮ್ಮ ಜಿಲ್ಲೆಯಲ್ಲಿ ಈ ಕಾಯಿದೆಯ ಚರ್ಚೆಯೆಲ್ಲ ಅತಿಕ್ರಮಣ ಭೂಮಿಯ ವೈಯಕ್ತಿಕ ಅರ್ಜಿಗಳ ಸುತ್ತ, ಮೂರು ತಲೆಮಾರಿನ ಅಂದರೆ 75 ವರ್ಷಗಳ ದಾಖಲೆಯ ಸುತ್ತ ತಿರುಗಿದೆ. ಮನೆ ಕಟ್ಟಿಕೊಂಡು ಗದ್ದೆ ಮಾಡಿಕೊಂಡವರ ಆತಂಕ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಾಮುದಾಯಿಕ ಹಕ್ಕಿಗಾಗಿ ಅದೇ ಉತ್ಸಾಹದಿಂದ ಅರ್ಜಿ ಹಾಕುವ ಗ್ರಾಮಸಭೆಗಳು ಏಕಿಲ್ಲ ಎಂದು ಪಕ್ಷಗಳ ಮುಖಂಡರನ್ನೂ ಹೋರಾಟಗಾರರನ್ನೂ ಕೇಳಲೇಬೇಕು.

ಕೊನೆಯದಾಗಿ ಅಳಿವೆಯ ವಿಷಯ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಗೌರವಕ್ಕೆ ನಾವೆಲ್ಲ ಸಂತೋಷಪಟ್ಟೆವು. ಇಂಥ ತಾಣಕ್ಕೆ ನಿರ್ವಹಣಾ ಯೋಜನೆ ಬೇಕಾಗುತ್ತದೆ. ಆ ಯೋಜನೆ ಇಂಗ್ಲಿಷಿನಲ್ಲಿ ಸಿದ್ಧವಾಗಿ, ಬಳಿಕ ಸಭೆಯೊಂದರಲ್ಲಿ ಓದಿ ಹೇಳಲ್ಪಡುವುದು ನನಗೆ ಬೇಡ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿಗೆ, ಗಜನಿಯ ರೈತರಿಗೆ, ಕಾಂಡ್ಲ ಕಾಡಿನ ಬದಿಯಲ್ಲಿ ಬಲೆ ಬೀಸುವವರಿಗೆ ಅದನ್ನು ಬರೆಯುವ ಸಮಿತಿಯಲ್ಲಿ ಮತ ಇರಬೇಕು, ಚಿಪ್ಪು ಎತ್ತುವ ಮಿತಿಯನ್ನೂ ಜಂತ್ರಡಿಯ ನಿಯಮವನ್ನೂ ಅವರೇ ಗೊತ್ತುಮಾಡಬೇಕು, ಒಡ್ಡಿನ ರಿಪೇರಿಯ ಹಣ ನೇರವಾಗಿ ಅವರ ಸಂಘದ ಖಾತೆಗೆ ಬರಬೇಕು. ಇದಕ್ಕೆ ಜಿಲ್ಲಾಡಳಿತ ಒಪ್ಪುವುದಾದರೆ ಮುಂದಿನ ಸಭೆಗೆ ಜನ ತಾವಾಗಿಯೇ ಬರುತ್ತಾರೆ.