ಕಬ್ಬಿನ ಜಲ್ಲೆ, ಕಣದ ರಾಶಿ, ಕಳ್ಳನ ಕೈ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆ ಬೆಳೆದವರು, ಕಬ್ಬು ಕದ್ದೇ ಇಲ್ಲ ಅಂತ ಆಣೆ ಮಾಡುವುದು ಕಷ್ಟ. ಗದ್ದೆಯ ಬದುವಿನಲ್ಲಿ ಹೋಗುವಾಗ ಒಂದು ಜಲ್ಲೆ ಮುರಿದುಕೊಂಡು ಓಡುವುದು. ನಾನೂ ಓಡಿದ್ದೇನೆ. ಗದ್ದೆಯವರು ಬೈಯುತ್ತಿದ್ದರು, ಅಷ್ಟೇ. ಅದೇ ಆಲೆಮನೆಯಲ್ಲಿ ಜೋಡಿಸಿಟ್ಟ ಬೆಲ್ಲ ಹೊತ್ತುಕೊಂಡು ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು, ಅಲ್ವಾ?

ಇಂಥದ್ದೇ ಪ್ರಶ್ನೆಯನ್ನು ಪ್ರವಾದಿ ಮಹಮ್ಮದರ ಮುಂದೆ ಒಬ್ಬರು ಇಟ್ಟರಂತೆ. ಮರದಲ್ಲಿ ತೂಗುವ ಹಣ್ಣು ಕಿತ್ತರೆ ಏನು ಅಂತ. ಹಸಿದವನು ಕಿತ್ತು ತಿಂದು, ಬಟ್ಟೆಯಲ್ಲಿ ಕಟ್ಟಿಕೊಳ್ಳದೆ ಹೋದರೆ ತಪ್ಪಿಲ್ಲ. ಕಟ್ಟಿಕೊಂಡು ಹೋದರೆ ಎರಡರಷ್ಟು ಬೆಲೆ ತೆರಬೇಕು, ಶಿಕ್ಷೆಯೂ ಇದೆ. ಆದರೆ ಬೆಳೆ ಕಣ ಸೇರಿದ ಮೇಲೆ ಕದ್ದರೆ, ಅದರ ಬೆಲೆ ಒಂದು ಗುರಾಣಿಯ ಬೆಲೆ ಮುಟ್ಟಿದರೆ, ಆಗ ಕೈಗೆ ಸಂಚಕಾರ. ಮರುಭೂಮಿಯಲ್ಲಿ ಹೇಳಿದ ಈ ಮಾತು ನಮ್ಮ ರೈತರಿಗೆ ಎಷ್ಟು ಬೇಗ ತಿಳಿಯುತ್ತದೆ ನೋಡಿ. ಗದ್ದೆಯಲ್ಲಿರುವುದು ಬೇರೆ, ಕಣಕ್ಕೆ ಬಂದದ್ದು ಬೇರೆ.

ಕಳ್ಳನ ಕೈ ಕತ್ತರಿಸಿ ಎಂಬ ಮಾತು ಕುರಾನಿನ 5ನೇ ಅಧ್ಯಾಯದ 38ನೇ ವಚನದಲ್ಲಿದೆ. ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಅಲ್ಲಿಂದ ಮುಂದೆ ಪಂಡಿತರು ಮಾಡಿದ ಕೆಲಸವೇ ಬೇರೆ. ಯಾವಾಗ ಕತ್ತರಿಸಬಾರದು ಅಂತ ಅವರು ಪುಟಗಟ್ಟಲೆ ಬರೆದರು.

ಮೊದಲನೆಯದು ಬೆಲೆ. ಕದ್ದ ವಸ್ತು ಕಾಲು ದಿನಾರ್ ಆದರೂ ಬಾಳಬೇಕು ಅಂತ ಇಸ್ಲಾಮಿ ಕಾನೂನಿನ ಪಂಥಗಳಲ್ಲಿ ಒಂದಾದ ಶಾಫಿ ಪಂಥ. ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ ಚಿನ್ನ. ಹನಫಿ ಪಂಥದ ಗೆರೆ ಆ ಕಾಲದ ಬೆಲೆಯಲ್ಲಿ ಇನ್ನೂ ಮೇಲೆ, 10 ದಿರ್ಹಮ್ ಬೆಳ್ಳಿ ಬೇಕು, ಸುಮಾರು 30 ಗ್ರಾಂ. ನಮ್ಮ ಮೈಸೂರು ಸೀಮೆಯ ಮುಸ್ಲಿಮರಲ್ಲಿ ಹನಫಿಗಳೇ ಜಾಸ್ತಿ, ಕರಾವಳಿಯ ಬ್ಯಾರಿಗಳು ಶಾಫಿಗಳು. ಇನ್ನೊಂದು, ವಸ್ತು ಕಾಪಿನಲ್ಲಿರಬೇಕು. ಬೀಗ ಹಾಕಿದ ಮನೆ, ಕಾವಲಿರುವ ಅಂಗಡಿ, ಹೀಗೆ. ಬೀದಿಯಲ್ಲಿ ಬಿಟ್ಟದ್ದನ್ನು ಎತ್ತಿಕೊಂಡರೆ ಕೈ ಹೋಗುವುದಿಲ್ಲ. ಗುಟ್ಟಾಗಿ ಕದ್ದಿರಬೇಕು. ಅಪ್ಪ ಮಗನ ದುಡ್ಡು ತೆಗೆದರೆ ಅದು ಈ ಲೆಕ್ಕಕ್ಕೆ ಬಾರದು. ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕು, ಇಲ್ಲವೇ ಕಳ್ಳನೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡವನು ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡರೆ ಕೈ ಉಳಿಯುತ್ತದೆ ಅಂತ ಬಹುಪಾಲು ಪಂಡಿತರ ಮತ. ಮಾಲು ಮಾತ್ರ ಕೊಡಲೇಬೇಕು. ಒಂದು ಎಳೆ ಅನುಮಾನ ಇದ್ದರೂ ಈ ಶಿಕ್ಷೆ ನಿಲ್ಲುತ್ತದೆ. ಆಗ ಕಾಜಿ ತನಗೆ ತೋಚಿದ ಚಿಕ್ಕ ಶಿಕ್ಷೆ ಕೊಡುತ್ತಾನೆ.

ಜೇಬುಗಳ್ಳರ ಮೇಲೂ ಚರ್ಚೆ ನಡೆದಿದೆ. ದಸರಾ ಜನಜಂಗುಳಿಯಲ್ಲಿ ಪರ್ಸು ಕಳೆದುಕೊಂಡವರು ಗಮನವಿಟ್ಟು ಕೇಳಬೇಕು. ಆ ಕಾಲದಲ್ಲಿ ದುಡ್ಡನ್ನು ಅಂಗಿಯ ತೋಳಿಗೆ ಕಟ್ಟಿಕೊಳ್ಳುತ್ತಿದ್ದರು. ಗಂಟು ತೋಳಿನ ಹೊರಗಿತ್ತೋ, ಕಳ್ಳ ಒಳಗೆ ಕೈ ಹಾಕಿದನೋ? ಹೊರಗಿದ್ದರೆ ಕೈ ಉಳಿಯಿತು ಅಂದರು ಹನಫಿ ಪಂಥದ ಮೂಲಪುರುಷ ಅಬೂ ಹನೀಫ. ಅವರ ಶಿಷ್ಯ ಅಬೂ ಯೂಸುಫ್ ಒಪ್ಪಲಿಲ್ಲ.

ನನಗೆ ಇರಿಸುಮುರಿಸಾಗುವ ಜಾಗವೂ ಒಂದಿದೆ. ನಂಬಿ ಕೊಟ್ಟ ದುಡ್ಡು ನುಂಗಿದವನಿಗೆ ಕೈ ಕಡಿಯುವ ಶಿಕ್ಷೆ ಇಲ್ಲ. ಕೀಲಿ ಅವನ ಕೈಯಲ್ಲೇ ಇತ್ತಲ್ಲ, ಕಾಪು ಮುರಿದ ಹಾಗಾಗಲಿಲ್ಲ ಅನ್ನುವ ತರ್ಕ. ಸಂಘದ ದುಡ್ಡು ನುಂಗಿದ ಲೆಕ್ಕಿಗ ಸಣ್ಣ ಶಿಕ್ಷೆಯಲ್ಲಿ ಪಾರು, ಪೆಟ್ಟಿಗೆ ಒಡೆದ ಬಡವನಿಗೆ ಕತ್ತಿ. ತರ್ಕ ಸರಿಯಿರಬಹುದು, ಮನಸ್ಸು ಒಪ್ಪುವುದಿಲ್ಲ. ಇಷ್ಟೆಲ್ಲ ಬೇಲಿ ಇದ್ದರೂ ಸೌದಿ ಅರೇಬಿಯಾ, ಇರಾನಿನಂಥ ದೇಶಗಳಲ್ಲಿ ನಮ್ಮ ಕಾಲದಲ್ಲೇ ಈ ಶಿಕ್ಷೆ ನಡೆದಿದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ನಮ್ಮಲ್ಲಿ ಇದು ಇದೆಯೇ ಅಂತ ಕೆಲವರು ಕೇಳುತ್ತಾರೆ. ಇಲ್ಲ. 1937ರ ಷರಿಯತ್ ಕಾಯಿದೆ ಮದುವೆ, ತಲಾಖ್, ಆಸ್ತಿ ಪಾಲಿನಂಥ ವಿಷಯಕ್ಕೆ ಮಾತ್ರ. ಕಳ್ಳತನ ಯಾವ ಜಾತಿಯವನು ಮಾಡಿದರೂ ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ತಮಾಷೆ ಏನೆಂದರೆ ಅಲ್ಲೂ ಒಂದು ಬೆಲೆಯ ಗೆರೆ ಇದೆ. ಕದ್ದದ್ದು 5000 ರೂಪಾಯಿಗೂ ಕಡಿಮೆ, ಮೊದಲ ಸಲದ ತಪ್ಪು, ಮಾಲು ವಾಪಸ್ ಕೊಟ್ಟ ಅಂದರೆ ಜೈಲಿಲ್ಲ, ಸಮಾಜ ಸೇವೆ ಮಾಡಬೇಕು.

ಪ್ರವಾದಿಯ ನಂತರ ಆಳಿದ ಖಲೀಫ ಉಮರ್ ಅವರ ಕಾಲಕ್ಕೆ ಹೋಗೋಣ. ಸುಮಾರು 639ರಲ್ಲಿ ಅರಬ್ಬಿ ನಾಡಿನಲ್ಲಿ ಘೋರ ಬರ ಬಂತು. ಆ ವರ್ಷ ಉಮರ್ ಈ ಶಿಕ್ಷೆಯನ್ನೇ ತಡೆಹಿಡಿದರು ಎನ್ನುತ್ತಾರೆ. ಅವರದ್ದೇ ಇನ್ನೊಂದು ಪ್ರಸಂಗ ನನಗೆ ಬಲು ಇಷ್ಟ. ಹಾತಿಬ್ ಎಂಬ ಸಾಹುಕಾರನ ಮನೆಯ ಗುಲಾಮರು ಯಾರದೋ ಒಂಟೆ ಕದ್ದು, ಕೊಯ್ದು ತಿಂದರು. ಉಮರ್ ಮೊದಲು ಕೈ ಕಡಿಯಲು ಹೇಳಿದರು. ಆಮೇಲೆ ತಡೆದು, ಹಾತಿಬ್ ಕಡೆಗೆ ತಿರುಗಿದರು. ನೀನು ಇವರಿಗೆ ಹೊಟ್ಟೆಗೆ ಹಾಕುತ್ತಿಲ್ಲ ಅಂತ ಕಾಣುತ್ತದೆ, ದಂಡ ನಿನಗೇ ಬೀಳುತ್ತದೆ ಅಂದರು. ಒಂಟೆಯವನನ್ನು ಬೆಲೆ ಕೇಳಿದರು. 400 ದಿರ್ಹಮ್‌ಗೆ ಕೇಳಿದರೂ ನಾನು ಮಾರಿರಲಿಲ್ಲ ಅಂದ ಅವನು.

ಉಮರ್ ಹಾತಿಬ್‌ಗೆ ಹೇಳಿದರು, ಇವನಿಗೆ 800 ಕೊಡು.