ಮೊದಲ ವರ್ಷ: ಮಾತು ಆಮೇಲೆ ಬರಲಿ

ಎಲ್ಲರಿಗೂ ನಮಸ್ಕಾರ. ಈ ವರ್ಷ ಸೇರಿದವರು ಹೆಚ್ಚಾಗಿ ಹಿಂದಿನ ಸಾಲುಗಳಲ್ಲಿ ಕೂತಿದ್ದೀರಿ. ಅಲ್ಲೇ ಇರಿ. ಯಾರನ್ನೂ ವೇದಿಕೆಗೆ ಕರೆಯುವುದಿಲ್ಲ, ಯಾರ ಕೈಗೂ ಮೈಕ್ ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಕೆಲವರಾದರೂ ನೆಮ್ಮದಿಯಿಂದ ಕೇಳುತ್ತೀರಿ ಅಂತ ನನಗೆ ಗೊತ್ತು.

ವಿಶ್ವವಿದ್ಯಾಲಯಕ್ಕೆ ಹೊರಟ ಸಂಕೋಚದ ಮಕ್ಕಳಿಗೆ ಸಿಗುವ ಬುದ್ಧಿಮಾತು ಒಂದೇ. ‘ಧೈರ್ಯವಾಗಿ ಮಾತಾಡು, ಎಲ್ಲರ ಜೊತೆ ಬೆರಿ.’ ಅಪ್ಪ ಅಮ್ಮ ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಒಂದು ವರ್ಷ ಮುಂದಿರುವ ಸೀನಿಯರ್ ಕೂಡ ಹೇಳುತ್ತಾನೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ, ಈ ಮಾತು ಕೇಳಿ ಯಾರಾದರೂ ಬೆರೆತದ್ದನ್ನು ನಾನು ಕಂಡಿಲ್ಲ. ಮಾತಾಡಬೇಕು ಅಂತ ಗೊತ್ತಿಲ್ಲದೆ ಯಾರೂ ಸುಮ್ಮನಿರುವುದಿಲ್ಲ, ಅಲ್ವಾ?

ಹಾಗಾದರೆ ಏನು ಮಾಡಬೇಕು? ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಮತ್ತೆ ಮತ್ತೆ ಹೋಗಬೇಕು. ಅಷ್ಟೇ. ಮಾತು ಆಮೇಲೆ ಬರುತ್ತದೆ.

ಶಾಲೆಯಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. ಅದೇ ಕೋಣೆ, ಅದೇ ಬೆಂಚು, ಪಕ್ಕದಲ್ಲಿ ಅದೇ ಮುಖ. ಗೆಳೆತನ ‘ಮಾಡಿಕೊಳ್ಳಬೇಕು’ ಅನ್ನುವ ಯೋಚನೆಯೇ ಬಂದಿರಲಿಲ್ಲ. ಇಲ್ಲಿ ಹಾಗಲ್ಲ. ಗಂಟೆಗೊಂದು ಕೋಣೆ, ಗಂಟೆಗೊಂದು ಗುಂಪು. ಬೆಳಗ್ಗೆ ಪಕ್ಕದಲ್ಲಿ ಕೂತವರು ಮಧ್ಯಾಹ್ನ ಕಾಣುವುದಿಲ್ಲ. ಮೊದಲ ವಾರವೇ ಎಲ್ಲರೂ ಗುಂಪು ಕಟ್ಟಿಕೊಂಡು ಓಡಾಡುವುದು ಕಂಡರೆ, ತಾನೊಬ್ಬನೇ ಹಿಂದೆ ಬಿದ್ದೆ ಅನಿಸುತ್ತದೆ. ಅವಸರದಲ್ಲಿ ಕಟ್ಟಿದ ಆ ಗುಂಪುಗಳಲ್ಲಿ ವರ್ಷದ ಕೊನೆಗೆ ಎಷ್ಟೋ ಉಳಿದಿರುವುದಿಲ್ಲ. ಆದರೆ ಮೊದಲ ವಾರ ಅದನ್ನು ಯಾರು ನಂಬುತ್ತಾರೆ?

ತಾನೊಬ್ಬನೇ ಹೀಗೆ ಅನ್ನುವುದಂತೂ ನಿಜವಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಸಂಕೋಚದ ಬಗ್ಗೆ ಸಮೀಕ್ಷೆ ನಡೆಸಿದಾಗ, ಶೇಕಡಾ 40ರಷ್ಟು ಜನ ‘ನಾನು ಸಂಕೋಚದವನು’ ಅಥವಾ ‘ಸಂಕೋಚದವಳು’ ಅಂದರು. ಈ ಹಾಲ್‌ನಲ್ಲೂ ಅಷ್ಟು ಜನ ಇರಬಹುದು. ಕೈ ಎತ್ತಿ ಅಂತ ಕೇಳುವುದಿಲ್ಲ, ಹೆದರಬೇಡಿ!

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಇದನ್ನು ನಿಧಾನವಾಗಿಯೇ ಹೇಳಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಅನ್ನುವ ಇಬ್ಬರು ಸಂಶೋಧಕರು ನಾಲ್ವರು ಯುವತಿಯರನ್ನು ಆರಿಸಿಕೊಂಡರು. ನೋಡಲು ನಾಲ್ವರೂ ಹೆಚ್ಚು ಕಡಿಮೆ ಒಂದೇ ಥರ. ಒಂದು ದೊಡ್ಡ ತರಗತಿಗೆ ಅವರಲ್ಲಿ ಒಬ್ಬಳು ಒಮ್ಮೆಯೂ ಹೋಗಲಿಲ್ಲ. ಇನ್ನೊಬ್ಬಳು 5 ಸಲ, ಮತ್ತೊಬ್ಬಳು 10 ಸಲ, ಕೊನೆಯವಳು 15 ಸಲ ಹೋದಳು. ಹೋಗುವುದು, ಎಲ್ಲರಿಗೂ ಕಾಣುವ ಹಾಗೆ ಕೂರುವುದು, ಪಾಠ ಕೇಳಿ ಎದ್ದು ಬರುವುದು. ಯಾರ ಜೊತೆಗೂ ಒಂದು ಮಾತಿಲ್ಲ. ಸಂಕೋಚದವರಿಗೆ ಹೇಳಿ ಮಾಡಿಸಿದ ಕೆಲಸ!

ಅವಧಿ ಮುಗಿದ ಮೇಲೆ ಆ ತರಗತಿಯವರಿಗೆ ನಾಲ್ವರ ಚಿತ್ರ ತೋರಿಸಿ ಕೇಳಿದರು. ಜಾಸ್ತಿ ಸಲ ಬಂದವಳೇ ಅವರಿಗೆ ಜಾಸ್ತಿ ಇಷ್ಟವಾಗಿದ್ದಳು. ‘ನಮ್ಮ ಥರದವಳೇ’ ಅಂತಲೂ ಅನಿಸಿತ್ತು. ಅವಳನ್ನು ಬಲ್ಲೆವು ಅಂತ ಅಷ್ಟೇನೂ ಅನಿಸಿರಲಿಲ್ಲ, ಆದರೂ ಇಷ್ಟವಾಗಿದ್ದಳು. 1992ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದ ದಿನದಿಂದ ನಾನು ಯಾರಿಗೂ ‘ಬೆರಿ’ ಅಂತ ಹೇಳುವುದನ್ನು ಬಿಟ್ಟಿದ್ದೇನೆ. ‘ನಾಳೆಯೂ ಅಲ್ಲೇ ಕೂತ್ಕೋ’ ಅನ್ನುತ್ತೇನೆ.

ನನ್ನ ತರಗತಿಯಲ್ಲೇ ಕಂಡದ್ದು ಹೇಳುತ್ತೇನೆ. ಒಬ್ಬ ಹುಡುಗಿ ದಿನಾ ಐದು ನಿಮಿಷ ಮೊದಲೇ ಬಂದು ಎರಡನೇ ಸಾಲಿನ ತುದಿಯಲ್ಲಿ ಕೂರುತ್ತಿದ್ದಳು. ಹಾಜರಿ ಕರೆದರೆ ದನಿ ನನ್ನವರೆಗೆ ತಲುಪುತ್ತಿರಲಿಲ್ಲ, ಕೈ ಮಾತ್ರ ಸ್ವಲ್ಪ ಏಳುತ್ತಿತ್ತು. ಒಮ್ಮೆ ಜ್ವರ ಬಂದು ಕೆಲವು ದಿನ ಬರಲಿಲ್ಲ. ತಿರುಗಿ ಬಂದ ದಿನ ಪಕ್ಕದ ಹುಡುಗಿ ತನ್ನ ನೋಟ್ಸ್ ತೆಗೆದು, ತಪ್ಪಿಹೋದ ಪಾಠದ ಪುಟ ಬಿಚ್ಚಿ ಅವಳ ಕಡೆ ಸರಿಸಿದಳು. ‘ಹುಷಾರಾಯ್ತಾ? ಇಲ್ಲಿಂದ ಬರ್ಕೋ’ ಅಂದಳು. ಅಲ್ಲಿಯವರೆಗೆ ಅವರಿಬ್ಬರೂ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಇವಳು ಕೇಳಿಯೂ ಇರಲಿಲ್ಲ. ದಿನಾ ಕಾಣುವ ಮುಖ ಕಾಣದೆ ಹೋದಾಗ ಆ ಹುಡುಗಿಗೆ ಗೊತ್ತಾಗಿತ್ತು.

‘ಹೋಗಿ ಕೂತರೆ ಎಲ್ಲರೂ ನನ್ನನ್ನೇ ನೋಡುತ್ತಾರಲ್ಲ?’ ಅಂತ ಕೇಳುತ್ತೀರಿ. ಅಷ್ಟೆಲ್ಲ ನೋಡುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಿಲೊವಿಚ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು, ಹಾಕಿಕೊಳ್ಳಲು ಮುಜುಗರವಾಗುವಂಥ ಒಂದು ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಮಿಕ್ಕವರಿಗೆ ಅವರವರದೇ ಚಿಂತೆ.

ಇದಕ್ಕೆಲ್ಲ ಸಮಯ ಬೇಕು. ಜೆಫ್ರಿ ಹಾಲ್ ಅನ್ನುವವರ ಅಧ್ಯಯನದ ಲೆಕ್ಕದಲ್ಲಿ, ಬರೀ ಮುಖಪರಿಚಯ ಸಾಧಾರಣ ಗೆಳೆತನವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗೂ ಜಾಸ್ತಿ. ಎರಡನೇ ವಾರದಲ್ಲಿ ‘ನನಗೆ ಯಾರೂ ಇಲ್ಲ’ ಅಂತ ಅಳುವ ಮಗುವಿಗೆ ಈ ಲೆಕ್ಕ ಹೇಳಿ. ಆ ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ, ಗಂಟೆಗಳು ಇನ್ನೂ ತುಂಬಿಲ್ಲ. ಲ್ಯಾಬ್ ಆಗಲಿ, ಲೈಬ್ರರಿಯ ಅದೇ ಮೇಜಾಗಲಿ, ವಾರಕ್ಕೊಮ್ಮೆ ಸೇರುವ ಸಣ್ಣ ಸಂಘವಾಗಲಿ, ಮತ್ತೆ ಮತ್ತೆ ಹೋಗುವಂಥದ್ದು ಒಂದಿರಲಿ.

ಸಮಯವಾಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಮೊದಲ ದಿನವೇ ಎಲ್ಲರನ್ನೂ ಎದ್ದು ನಿಲ್ಲಿಸಿ ಪರಿಚಯ ಹೇಳಿಸಬೇಡಿ. ತನ್ನ ಸರದಿಗಾಗಿ ನಡುಗುತ್ತಾ ಕೂತ ಮಗುವಿಗೆ ಬೇರೆ ಯಾರ ಹೆಸರೂ ಕಿವಿಗೆ ಬೀಳುವುದಿಲ್ಲ. ಅದರ ಬದಲು ನಾಲ್ಕೈದು ಜನರ ಗುಂಪು ಮಾಡಿ, ಕೆಲವು ವಾರ ಅದೇ ಗುಂಪು ಇಟ್ಟುಕೊಂಡು ಕೆಲಸ ಕೊಡಿ. ವಾರವಾರ ಗುಂಪು ಬದಲಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಮಾತಾಡಿ ಬಂದ ಮೇಲೆ ‘ಛೆ, ಏನೇನೋ ಅಂದೆ’ ಅಂತ ಕೊರಗುವವರಿಗೆ ಒಂದು ಮಾತು. ಬೂತ್‌ಬಿ ಮತ್ತು ಸಹಸಂಶೋಧಕರು 2018ರಲ್ಲಿ ಇದನ್ನು ತೋರಿಸಿದರು. ನಾವು ಅಂದುಕೊಳ್ಳುವುದಕ್ಕಿಂತ ಎದುರಿನವರಿಗೆ ನಾವು ಜಾಸ್ತಿ ಇಷ್ಟವಾಗಿರುತ್ತೇವೆ. ಹಾಸ್ಟೆಲ್‌ನಲ್ಲಿ ಒಟ್ಟಿಗೆ ಇರುವವರಲ್ಲೂ ಈ ತಪ್ಪು ಲೆಕ್ಕ ತಿಂಗಳುಗಟ್ಟಲೆ ಉಳಿದಿತ್ತು.

ಕೊನೆಯದು ಬಹಳ ಮುಖ್ಯ. ತರಗತಿಗೆ ಹೋಗಲಿಕ್ಕೇ ಆಗದಷ್ಟು, ನಿದ್ದೆ ಕೆಡುವಷ್ಟು ಭಯವಿದ್ದರೆ ಅದನ್ನು ಬರೀ ಸಂಕೋಚ ಅಂತ ತಳ್ಳಿಹಾಕಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಆಪ್ತಸಲಹೆಗಾರರನ್ನು ನೋಡಿ. ಒಬ್ಬರೇ ಹೋಗಲು ಕಷ್ಟವಾದರೆ ನಿಮ್ಮ ಅಧ್ಯಾಪಕರಿಗೆ ಎರಡು ಸಾಲು ಬರೆದು ತಿಳಿಸಿ, ಅವರು ಜೊತೆಗೆ ಬರುತ್ತಾರೆ.

ಈಗ ಪ್ರಶ್ನೆಗಳು. ಎದ್ದು ನಿಂತು ಕೇಳಬೇಕಾಗಿಲ್ಲ. ಸಾಲುಗಳಲ್ಲಿ ಖಾಲಿ ಕಾಗದ ಬರುತ್ತಿದೆ, ಹೆಸರು ಹಾಕದೆ ಬರೆದು ಕಳಿಸಿ. ಎಲ್ಲವನ್ನೂ ಓದುತ್ತೇನೆ.